ಪ್ರಜಾಪ್ರಭುತ್ವ ಮತ್ತು ಆರ್ಥಿಕ ಅಸಮಾನತೆ: ಮಂಗಳೂರು ಸೀಮೆಯ ಅನುಭವ

ಎಲ್ಲರಿಗೂ ಒಂದೊಂದೇ ಮತವಿರುವ ಸಮಾಜದಲ್ಲಿ ಭೂಮಿ, ಹಣ, ಆದಾಯ ಕೆಲವರ ಕೈಯಲ್ಲೇ ಉಳಿದುಕೊಳ್ಳುವುದು ಹೇಗೆ? ಮತದ ಬಲದಿಂದ ಅದು ಎಷ್ಟರಮಟ್ಟಿಗೆ ಬದಲಾಗುತ್ತದೆ? ರಾಜ್ಯಶಾಸ್ತ್ರಕ್ಕೂ ಅರ್ಥಶಾಸ್ತ್ರಕ್ಕೂ ಸೇರಿದ ಈ ಹಳೆಯ ಪ್ರಶ್ನೆಗೆ ಕರ್ನಾಟಕದಲ್ಲಿ ಅರ್ಧ ಉತ್ತರವಾದರೂ ಸಿಕ್ಕಿದ್ದು ಮಂಗಳೂರು ಕೇಂದ್ರವಾಗಿದ್ದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಇಂದಿನ ಉಡುಪಿ ಜಿಲ್ಲೆಯೂ 1997ರ ಆಗಸ್ಟ್‌ವರೆಗೆ ಇದರೊಳಗೇ ಇತ್ತು. 1974ರ ಭೂಸುಧಾರಣೆ ಇಲ್ಲಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದಷ್ಟು ದೊಡ್ಡ ಪ್ರಮಾಣದಲ್ಲಿ ರಾಜ್ಯದ ಬೇರೆ ಕಡೆ ಮಾಡಲಿಲ್ಲ. ಆದರೆ ಗೇಣಿದಾರನಿಗಿಂತ ಕೆಳಗೆ ಇದ್ದವರ ಪಾಲಿಗೆ ಅದೇ ಕಾನೂನು ಬಾಗಿಲವರೆಗೆ ಬಂದು ಹಿಂದಿರುಗಿತು. ಈ ಎರಡನ್ನೂ ಒಟ್ಟಿಗೆ ನೋಡದೆ ಕರಾವಳಿಯ ಪ್ರಜಾಪ್ರಭುತ್ವದ ಲೆಕ್ಕ ಹೊಂದುವುದಿಲ್ಲ.

ಸಿದ್ಧಾಂತದ ಹಿನ್ನೆಲೆ

ಬಡವರು ಬಹುಸಂಖ್ಯಾತರು, ಆದ್ದರಿಂದ ಅಧಿಕಾರ ಅವರ ಕೈಗೆ ಬಂದರೆ ಸಿರಿವಂತರ ಆಸ್ತಿ ಹಂಚಿಹೋಗುತ್ತದೆ ಎಂಬ ಭಯ ಅರಿಸ್ಟಾಟಲನ ಕಾಲದಷ್ಟು ಹಳೆಯದು. ಇದನ್ನು ಅಲನ್ ಮೆಲ್ಟ್ಸರ್ ಮತ್ತು ಸ್ಕಾಟ್ ರಿಚರ್ಡ್ 1981ರಲ್ಲಿ ಗಣಿತದ ರೂಪಕ್ಕೆ ತಂದರು. ಮತದಾರರನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವವನ ಆದಾಯ ಒಟ್ಟು ಸರಾಸರಿಗಿಂತ ಕಡಿಮೆ ಇರುತ್ತದೆ. ಅಂತರ ಹೆಚ್ಚಿದಷ್ಟೂ ಅವನು ತೆರಿಗೆ, ಹಂಚಿಕೆಗಳ ಪರವಾಗಿ ಮತ ಹಾಕುತ್ತಾನೆ ಎಂಬುದು ಅವರ ವಾದ. ಡರೋನ್ ಅಸೆಮೊಗ್ಲು ಮತ್ತು ಜೇಮ್ಸ್ ರಾಬಿನ್ಸನ್ 2006ರ ತಮ್ಮ ಪುಸ್ತಕದಲ್ಲಿ ಇನ್ನೊಂದು ದಿಕ್ಕಿನಿಂದ ಬಂದರು: ದಂಗೆಯ ಭಯವಿದ್ದಾಗ ಉಳ್ಳವರು ಮತದ ಹಕ್ಕನ್ನು ಬಿಟ್ಟುಕೊಡುತ್ತಾರೆ, ಏಕೆಂದರೆ ಮುಂದೆಯೂ ಹಂಚಿಕೆ ನಡೆಯುತ್ತದೆಂಬ ಭರವಸೆ ಅದರಲ್ಲಿದೆ.

ಲೆಕ್ಕ ಮಾತ್ರ ವಾದದಂತೆ ನಡೆದಿಲ್ಲ. ಭಾರತದಲ್ಲಿ 1950ರಿಂದ ವಯಸ್ಕ ಮತದಾನವಿದೆ. ಆದರೂ ವಿಶ್ವ ಅಸಮಾನತೆ ಪ್ರಯೋಗಾಲಯಕ್ಕಾಗಿ ತೋಮಾ ಪಿಕೆಟಿ ಮತ್ತು ಸಂಗಡಿಗರು 2024ರಲ್ಲಿ ಹಾಕಿದ ಅಂದಾಜಿನ ಪ್ರಕಾರ 2022-23ರಲ್ಲಿ ದೇಶದ ಆದಾಯದ ಶೇ 22.6 ಮತ್ತು ಸಂಪತ್ತಿನ ಶೇ 40.1 ಪಾಲು ಮೇಲಿನ ಶೇ 1 ಜನರ ಬಳಿ ಇತ್ತು. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವಿರೋಧವನ್ನು ಇಟ್ಟುಕೊಂಡೇ ನಾವು ಗಣರಾಜ್ಯಕ್ಕೆ ಕಾಲಿಡುತ್ತಿದ್ದೇವೆ ಎಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಸಿದ್ಧಾಂತಕಾರರ 'ನಡುವಿನ ಮತದಾರ'ನಿಗಿಂತ ಈ ಎಚ್ಚರಿಕೆ ಮಂಗಳೂರಿನ ಕಥೆಗೆ ಹೆಚ್ಚು ಹತ್ತಿರ.

ಗೇಣಿಯ ಮೆಟ್ಟಿಲುಗಳು

1799ರಲ್ಲಿ ಟಿಪ್ಪುವಿನ ಪತನದ ನಂತರ, ಆಗ ಕೆನರಾ ಎನಿಸಿಕೊಂಡಿದ್ದ ಈ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಇಲ್ಲಿ ಕಂಡದ್ದು ಹೊಸ ಒಡೆತನವನ್ನಲ್ಲ, ಆಗಲೇ ಬೇರೂರಿದ್ದ ಖಾಸಗಿ ಒಡೆತನವನ್ನು. 1862ರಲ್ಲಿ ಉತ್ತರ ಭಾಗ ಮುಂಬಯಿಗೆ ಹೋಗಿ ದಕ್ಷಿಣ ಭಾಗ ಮದ್ರಾಸ್ ಪ್ರಾಂತದಲ್ಲೇ ಉಳಿಯಿತು. ಕಾಗದದ ಮೇಲೆ ರೈತವಾರಿ ಪದ್ಧತಿ, ಅಂದರೆ ಸರ್ಕಾರಕ್ಕೂ ರೈತನಿಗೂ ನಡುವೆ ಯಾರೂ ಇಲ್ಲ. ನೆಲದ ಮೇಲೆ ಮಾತ್ರ ಮೂರು ನಾಲ್ಕು ಮೆಟ್ಟಿಲುಗಳಿದ್ದವು. ಮೇಲೆ ತೀರ್ವೆ ಕಟ್ಟುವ ವರ್ಗದಾರ, ಅವನ ಕೆಳಗೆ ಗೇಣಿ ಶಾಶ್ವತವಾಗಿ ನಿಗದಿಯಾದ ಮೂಲಗೇಣಿದಾರ, ಅವನಿಂದಲೋ ನೇರವಾಗಿ ಧಣಿಯಿಂದಲೋ ಭೂಮಿ ಪಡೆದ ಚಾಲಗೇಣಿಯ ಒಕ್ಕಲು. ಚಾಲಗೇಣಿಯವನನ್ನು ಧಣಿ ಬೇಡವೆಂದರೆ ಎಬ್ಬಿಸಬಹುದಿತ್ತು. ಈ ಯಾವ ಮೆಟ್ಟಿಲಿಗೂ ಸೇರದೆ ಗದ್ದೆಯಲ್ಲಿ ನಿಜವಾಗಿ ಉತ್ತು ನೆಟ್ಟವರು ಮೂಲದ ಆಳುಗಳು. ಅವರಿಗೆ ಗೇಣಿ ಚೀಟಿಯಿಲ್ಲ, ಹೆಸರಿರುವ ಕಾಗದವಿಲ್ಲ. ಇದ್ದದ್ದು ಧಣಿಯ ಜಾಗದಲ್ಲಿ ಒಂದು ಕೊಪ್ಪ ಮತ್ತು ತೀರದ ಸಾಲ.

ಗೇಣಿ ಹಣದಲ್ಲಲ್ಲ, ಹೆಚ್ಚಾಗಿ ಅಕ್ಕಿಯಲ್ಲಿ ಸಲ್ಲುತ್ತಿತ್ತು. ಬೈಹುಲ್ಲಿನೊಳಗೆ ಅಕ್ಕಿ ತುಂಬಿ, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಉರುಟು ಮಾಡಿದ ಮುಡಿ ಇಲ್ಲಿನ ಅಳತೆ. ಮುಡಿಗಳು ಧಣಿಯ ಚಾವಡಿಗೆ ತಲುಪಬೇಕು, ಜತೆಗೆ ಹಬ್ಬಕ್ಕೆ ಬಾಳೆಗೊನೆ, ಸೌತೆ, ತೆಂಗಿನಕಾಯಿ. ಮಳೆ ಕೈಕೊಟ್ಟ ವರ್ಷವೂ ಮುಡಿಯ ಲೆಕ್ಕ ಇಳಿಯುತ್ತಿರಲಿಲ್ಲ, ಬಾಕಿ ಮುಂದಿನ ವರ್ಷಕ್ಕೆ ಏರುತ್ತಿತ್ತು. ಹಾಗೆಂದು ಎಲ್ಲ ಧಣಿಗಳೂ ಗುತ್ತು-ಬೀಡುಗಳೆಂಬ ದೊಡ್ಡ ಮನೆತನಗಳವರಲ್ಲ. ದೇವಸ್ಥಾನ, ಮಠಗಳ ಜತೆಗೆ ನಾಲ್ಕೈದು ಮುಡಿ ಗೇಣಿಯನ್ನೇ ನಂಬಿದ್ದ ವಿಧವೆಯರು, ಊರು ಬಿಟ್ಟು ಶಾಲೆ ಮಾಸ್ತರಿಕೆ ಹಿಡಿದವರು ಕೂಡ ಕಾನೂನಿನ ದೃಷ್ಟಿಯಲ್ಲಿ ಭೂಮಾಲೀಕರೇ. ಮುಂದೆ 'ಭೂಮಸೂದೆ', ಅಂದರೆ 1974ರ ಭೂಸುಧಾರಣೆ, ಬಂದಾಗ ಕಹಿ ಉಳಿದದ್ದು ಮುಖ್ಯವಾಗಿ ಇಂಥ ಮನೆಗಳಲ್ಲಿ.

ಸ್ವಾತಂತ್ರ್ಯಪೂರ್ವದಲ್ಲಿ ಮತದ ಹಕ್ಕು ಕೂಡ ಇದೇ ಮೆಟ್ಟಿಲುಗಳನ್ನು ಅನುಸರಿಸಿತ್ತು. 1919 ಮತ್ತು 1935ರ ಭಾರತ ಸರ್ಕಾರ ಕಾಯ್ದೆಗಳಡಿ ತೆರಿಗೆ, ಆಸ್ತಿ, ವಿದ್ಯೆಯ ಆಧಾರದ ಮೇಲೆ ಮತದಾರರ ಪಟ್ಟಿ ತಯಾರಾಗುತ್ತಿತ್ತು. ಆಳುಗಳ ಹೆಸರು ಅದರಲ್ಲಿ ಇರುವಂತಿರಲಿಲ್ಲ. ಅವರ ಪರವಾಗಿ ನಡೆದ ಕೆಲಸ ಮತಪೆಟ್ಟಿಗೆಯ ಹೊರಗಿನದು. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಶೋಷಿತ ವರ್ಗಗಳ ಮಿಷನ್ ಕಟ್ಟಿ ಶಾಲೆ, ಕೈಕಸುಬು, ಮನೆ ನಿವೇಶನಗಳಿಗೆ ದುಡಿದರು. ನಗರದ ಪುರಭವನಕ್ಕೆ ಈಗ ಅವರ ಹೆಸರಿದೆ.

ಜಿಲ್ಲೆಯ ದಕ್ಷಿಣ ಅಂಚಿನ ಕಯ್ಯೂರಿನಲ್ಲಿ ಒಕ್ಕಲುಗಳು ಬೇರೆ ದಾರಿ ಹಿಡಿದರು. 1941ರ ಮಾರ್ಚ್‌ನಲ್ಲಿ ಅಲ್ಲಿನ ರೈತ ಮೆರವಣಿಗೆಯ ವೇಳೆ ಒಬ್ಬ ಪೊಲೀಸ್ ಸತ್ತ ಪ್ರಕರಣದಲ್ಲಿ ನಾಲ್ವರು ಯುವಕರಿಗೆ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಾಯಿತು. ಆಗ ಕಾಸರಗೋಡು ತಾಲ್ಲೂಕು ದಕ್ಷಿಣ ಕನ್ನಡಕ್ಕೇ ಸೇರಿತ್ತು, ಆಡಳಿತ ನಡೆಯುತ್ತಿದ್ದುದು ಮಂಗಳೂರಿನಿಂದ. ನಿರಂಜನರ 'ಚಿರಸ್ಮರಣೆ' ಕಾದಂಬರಿಯ ವಸ್ತು ಇದೇ. ದಂಗೆಯ ಭಯ ಹಂಚಿಕೆಯನ್ನು ತರುತ್ತದೆ ಎಂಬ ಸಿದ್ಧಾಂತಕ್ಕೆ ನಮ್ಮ ಕರಾವಳಿಯಲ್ಲಿ ಸಾಕ್ಷಿ ಹುಡುಕುವವರು ಇಲ್ಲಿಂದಲೇ ಆರಂಭಿಸಬೇಕು.

ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಎಳೆದ 1956ರ ನವೆಂಬರ್ 1ರ ಗಡಿರೇಖೆ ಒಂದೇ ಬಗೆಯ ಗೇಣಿ ಪದ್ಧತಿಯಿದ್ದ ಜಿಲ್ಲೆಯನ್ನು ಎರಡು ರಾಜ್ಯಗಳಿಗೆ ಹಂಚಿತು. ಕೇರಳದಲ್ಲಿ ಗೇಣಿ ರದ್ದಾಗಿದ್ದು 1970ರ ಜನವರಿ 1ರಿಂದ. ಹೀಗಾಗಿ ಮಂಜೇಶ್ವರದ ಕನ್ನಡ, ತುಳು ಒಕ್ಕಲುಗಳು ತಲಪಾಡಿಯಿಂದ ಈಚೆಗಿನ ನೆಂಟರಿಗಿಂತ ನಾಲ್ಕು ವರ್ಷ ಮೊದಲೇ ಒಡೆಯರಾದರು. ಅಲ್ಲಿನ ಕಾನೂನು ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವರಿಗೂ ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ ಹಕ್ಕು ಕೊಟ್ಟಿತು. ಗಡಿಯ ಆಚೆ ನಡೆದದ್ದು ಈಚೆಯ ಚುನಾವಣಾ ಭಾಷಣಗಳಿಗೆ ಬರದೆ ಇರುವಂತಿರಲಿಲ್ಲ.

ನಮೂನೆ 7

ಬಿ.ಡಿ. ಜತ್ತಿ ಸಮಿತಿಯ ಶಿಫಾರಸಿನ ಮೇಲೆ ರೂಪುಗೊಂಡ 1961ರ ಮೈಸೂರು ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಬೇಸಾಯಕ್ಕೆಂದು ಭೂಮಿ ಹಿಂಪಡೆಯಲು ಮಾಲೀಕರಿಗೆ ಅದರಲ್ಲಿ ಅವಕಾಶವಿತ್ತು. ಎಷ್ಟೋ ಒಕ್ಕಲುಗಳು 'ಸ್ವಇಚ್ಛೆಯಿಂದ' ಭೂಮಿ ಬಿಟ್ಟುಕೊಟ್ಟದ್ದು ಈ ಅವಧಿಯಲ್ಲೇ. ಆ ಸ್ವಇಚ್ಛೆ ಎಂಥದ್ದೆಂದು ಊರಿನವರಿಗೆ ಗೊತ್ತಿತ್ತು.

1972ರಲ್ಲಿ ಮುಖ್ಯಮಂತ್ರಿಯಾದ ಡಿ. ದೇವರಾಜ ಅರಸು ಈ ಕಾಯ್ದೆಯನ್ನು ಬುಡದಿಂದಲೇ ತಿದ್ದಿದರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ 44ನೆಯ ಕಲಮಿನಂತೆ ಗೇಣಿಯಲ್ಲಿದ್ದ ಭೂಮಿಯೆಲ್ಲ ಆ ದಿನ ಸರ್ಕಾರದ್ದಾಯಿತು. ಅದನ್ನು ಉಳುತ್ತಿದ್ದವನು 48-ಎ ಕಲಮಿನಡಿ ನಮೂನೆ 7ರಲ್ಲಿ ಅರ್ಜಿ ಹಾಕಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಂಗಳೂರು ಕಡೆಯ ಬಾಯಿಮಾತಿನಲ್ಲಿ ಇದಕ್ಕೆ 'ಡಿಕ್ಲರೇಷನ್' ಎಂದೇ ಹೆಸರು. 'ಡಿಕ್ಲರೇಷನ್‌ನಲ್ಲಿ ಸಿಕ್ಕಿದ ಭೂಮಿ', 'ಡಿಕ್ಲರೇಷನ್‌ನಲ್ಲಿ ಹೋದ ಭೂಮಿ' ಎಂಬ ಮಾತುಗಳು ಎರಡು ತಲೆಮಾರು ಕಳೆದರೂ ಮನೆಮನೆಯಲ್ಲಿ ಬಳಕೆಯಲ್ಲಿವೆ, ಹೇಳುವವರ ದನಿ ಮಾತ್ರ ಬೇರೆ.

ಅರ್ಜಿಯನ್ನು ತೀರ್ಮಾನಿಸುತ್ತಿದ್ದುದು ಸಿವಿಲ್ ಕೋರ್ಟು ಅಲ್ಲ, ತಾಲ್ಲೂಕಿನ ಭೂ ನ್ಯಾಯ ಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ನೇಮಿಸಿದ ನಾಲ್ವರು ಅಧಿಕಾರೇತರ ಸದಸ್ಯರು, ಅವರಲ್ಲೊಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಶಾಸಕರೂ ಸದಸ್ಯರಾಗಬಹುದಿತ್ತು. ವಕೀಲರಿಗೆ ಮಂಡಳಿಯ ಮುಂದೆ ವಾದಿಸುವ ಅವಕಾಶವಿರಲಿಲ್ಲ. ಮೇಲ್ಮನವಿಯೂ ಇರಲಿಲ್ಲ, ಹೈಕೋರ್ಟಿನಲ್ಲಿ ರಿಟ್ ಹಾಕುವುದೊಂದೇ ದಾರಿ. ಕಾನೂನು ಪಂಡಿತರಿಗೆ ಇದು ಒರಟು ವ್ಯವಸ್ಥೆಯೆನಿಸಿತು. ಆದರೆ ಮೇಜಿನ ಈಚೆ ನಿಂತ ಒಕ್ಕಲು ಅದೇ ಮೊದಲ ಬಾರಿಗೆ ಧಣಿಯ ವಕೀಲನಿಲ್ಲದ ಕೋಣೆಯಲ್ಲಿ ಮಾತಾಡಿದ. ಅವನು ತಂದ ದಾಖಲೆ ಹೆಚ್ಚೇನೂ ಇರುತ್ತಿರಲಿಲ್ಲ: ಗೇಣಿ ಚೀಟಿ, ಗೇಣಿ ಸಂದ ರಶೀದಿ, ಪಹಣಿಯಲ್ಲಿ ಹೆಸರಿದ್ದರೆ ಅದು, ಇಲ್ಲವಾದರೆ ನೆರೆಯವರ ಹೇಳಿಕೆ. ದಕ್ಷಿಣ ಕನ್ನಡದಲ್ಲಿ ಗೇಣಿ ಬಾಯಿಮಾತಿನಲ್ಲಷ್ಟೇ ನಡೆಯದೆ ಚೀಟಿಯಲ್ಲಿ ಬರೆಸಿಕೊಳ್ಳುವ ರೂಢಿಯಿದ್ದದ್ದು ಇಲ್ಲಿ ನೆರವಿಗೆ ಬಂತು. ಬಾಕಿ ವಸೂಲಿಗೆಂದು ಧಣಿಯೇ ಬರೆಸಿಟ್ಟ ಚೀಟಿ ಒಕ್ಕಲಿನ ಹಕ್ಕುಪತ್ರಕ್ಕೆ ಆಧಾರವಾಯಿತು.

ಅರ್ಜಿ ಹಾಕುವ ಕೊನೆಯ ದಿನ ಮುಂದೂಡುತ್ತ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಇಡೀ ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಸುಮಾರು ಐದು ಲಕ್ಷದಷ್ಟು ಗೇಣಿದಾರರ ಪರವಾಗಿ ಇತ್ಯರ್ಥವಾದವು. ದಕ್ಷಿಣ ಕನ್ನಡ ಈ ಪಟ್ಟಿಯ ಮುಂಚೂಣಿಯಲ್ಲಿತ್ತು. ಕಾನೂನು ಒಂದೇ ಆದರೂ ಬಯಲುಸೀಮೆಯಲ್ಲಿ ಹೀಗಾಗಲಿಲ್ಲ. ಕಾರಣ ಚೀಟಿಯೊಂದೇ ಅಲ್ಲ. ಕರಾವಳಿಯಲ್ಲಿ ಗೇಣಿ ಭೂಮಿಯ ಪ್ರಮಾಣವೇ ಹೆಚ್ಚು, ಓದು ಬಲ್ಲವರು ಹೆಚ್ಚು, ರೈತ ಸಂಘಟನೆ ಹಳೆಯದು. ಕಾಸರಗೋಡು ಬಳಿಯ ಬೇವಿಂಜೆಯ ಭೂಮಾಲೀಕ ಮನೆತನದಲ್ಲಿ ಹುಟ್ಟಿ ಕಮ್ಯುನಿಸ್ಟರಾದ ಬಿ.ವಿ. ಕಕ್ಕಿಲ್ಲಾಯರು 1972 ಮತ್ತು 1978ರಲ್ಲಿ ಗೆದ್ದು ವಿಧಾನಸಭೆಯಲ್ಲಿದ್ದರು. ಅವರ ಪಕ್ಷ ಸಣ್ಣದಾದರೂ ಅರ್ಜಿ ತುಂಬಿಸುವ, ಸಾಕ್ಷಿ ಕೂಡಿಸುವ ಕೆಲಸಕ್ಕೆ ಕಾರ್ಯಕರ್ತರಿದ್ದರು. ಇನ್ನೊಂದು ಕಡೆ ಅರಸು 1972ರಲ್ಲಿ ನೇಮಿಸಿದ ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದ ವರ್ಗಗಳ ಮೀಸಲಾತಿ, ಭೂಮಿ, ಚುನಾವಣಾ ಟಿಕೆಟ್ ಮೂರೂ ಒಟ್ಟಿಗೆ ಬಂದದ್ದರಿಂದ ಬಿಲ್ಲವರಂಥ ಒಕ್ಕಲು ಸಮುದಾಯಗಳ ಮನೆಗಳಿಂದ ಶಾಸಕರು, ಸಂಸದರು ಹೊರಟರು. 1977ರಿಂದ 1991ರವರೆಗೆ ಮಂಗಳೂರಿನ ಲೋಕಸಭಾ ಸದಸ್ಯರಾಗಿದ್ದ ಬಿ. ಜನಾರ್ದನ ಪೂಜಾರಿ ಆ ತಲೆಮಾರಿನವರು.

ಪ್ರಜಾಪ್ರಭುತ್ವದ ಅಭಿಮಾನಿಗಳು ನುಂಗಿಕೊಳ್ಳಬೇಕಾದ ಒಂದು ಸಂಗತಿ ಇದೆ. ಮಂಡಳಿಗಳು ಬಿರುಸಿನಿಂದ ನಡೆದ ವರ್ಷಗಳಲ್ಲಿ 21 ತಿಂಗಳು ದೇಶದಲ್ಲಿ ತುರ್ತು ಪರಿಸ್ಥಿತಿ ಇತ್ತು. ಜೀತ ರದ್ದತಿ ಕಾಯ್ದೆ, ರಾಜ್ಯದ ಋಣಪರಿಹಾರ ಕಾಯ್ದೆ ಎರಡೂ 1976ರವು. ಹಂಚಿಕೆಗೆ ಮತ ಬೇಕೋ, ಮತವನ್ನು ಪಕ್ಕಕ್ಕಿಟ್ಟ ಸರ್ಕಾರ ಬೇಕೋ ಎಂದು ಕೇಳುವವರಿಗೆ ಈ ಕಾಲಘಟ್ಟ ಇಬ್ಬಗೆಯ ಉತ್ತರ ಕೊಡುತ್ತದೆ. ಆದರೆ ಕಾನೂನು ಆದದ್ದು ತುರ್ತು ಪರಿಸ್ಥಿತಿಗೆ ಮುಂಚೆ, ಚುನಾಯಿತ ಸಭೆಯಲ್ಲಿ. ಹೆಚ್ಚು ಬಾಳಿದ್ದೂ ಅದೇ ಭಾಗ.

ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅರಸರ ರಾಜಕಾರಣಕ್ಕೆ ಕೆಳಗಿನಿಂದ ಕಟ್ಟಿದ ಪಕ್ಷದ ಬಲವಿರಲಿಲ್ಲ, ಆದ್ದರಿಂದ ಪಶ್ಚಿಮ ಬಂಗಾಳಕ್ಕೆ ಹೋಲಿಸಿದರೆ ಫಲ ಸೀಮಿತ ಎಂದು ಅತುಲ್ ಕೊಹ್ಲಿ 1987ರಲ್ಲಿ ಬರೆದರು. ನರೇಂದ್ರ ಪಾಣಿ 1983ರ ತಮ್ಮ ಅಧ್ಯಯನದಲ್ಲಿ ಇನ್ನೂ ಕಟುವಾಗಿ, ಈ ಸುಧಾರಣೆ ದೊಡ್ಡ ಬದಲಾವಣೆಯನ್ನು ತಡೆಯಲೆಂದೇ ಮುಂಚಿತವಾಗಿ ಮಾಡಿದ್ದು ಎಂದರು. ಇಡೀ ರಾಜ್ಯಕ್ಕೆ ಈ ಮಾತು ಒಪ್ಪಬಹುದು. ದಕ್ಷಿಣ ಕನ್ನಡದ ಒಕ್ಕಲಿನ ಮನೆಯಲ್ಲಿ ನಿಂತು ನೋಡಿದರೆ ಆ ಮಾತು ಅವನಿಗೆ ಮಾಡಿದ ಅನ್ಯಾಯ. ಮುಡಿ ಹೊರುವುದು ನಿಂತಿತು, ಉಳಿದ ಅಕ್ಕಿ ಮಕ್ಕಳ ಶಾಲೆಗೆ, ಅಡಿಕೆ ಸಸಿಗೆ, ಮುಂಬಯಿಯ ಟಿಕೆಟ್ಟಿಗೆ ಆಯಿತು.

ಚೋಮ ಅರ್ಜಿ ಹಾಕುವಂತಿರಲಿಲ್ಲ

ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂತು. ಅದರ ನಾಯಕನಿಗೆ ಇರುವ ಆಸೆ ಒಂದೇ: ಆಳಾಗಿ ಸಾಯದೆ ಒಂದು ತುಂಡು ಭೂಮಿಯನ್ನು ಗೇಣಿಗೆ ಪಡೆದು ತಾನೂ ಬೇಸಾಯ ಮಾಡುವುದು. ಜಾತಿಯ ಕಾರಣಕ್ಕೆ ಅದು ಅವನಿಗೆ ದಕ್ಕುವುದಿಲ್ಲ. ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದ್ದು 1975ರಲ್ಲಿ, ಅಂದರೆ ಭೂ ನ್ಯಾಯ ಮಂಡಳಿಗಳು ಕಲಾಪ ನಡೆಸುತ್ತಿದ್ದಾಗಲೇ. ಆ ವರ್ಷ ಚೋಮ ಬದುಕಿದ್ದರೂ ನಮೂನೆ 7 ಅವನಿಗೆ ಅನ್ವಯಿಸುತ್ತಿರಲಿಲ್ಲ. ಕಾನೂನು ಕೇಳಿದ್ದು ಗೇಣಿದಾರ ಯಾರೆಂದು. ಅವನು ಗೇಣಿದಾರನಾಗಲೇ ಇಲ್ಲ.

'ಉಳುವವನೇ ಹೊಲದೊಡೆಯ' ಎಂಬ ಘೋಷಣೆಗೂ ಕಾಯ್ದೆಗೂ ಇದ್ದ ಅಂತರ ಇದು. ಕೂಲಿಯಾಗಿ ಉತ್ತವನಿಗೆ 38ನೆಯ ಕಲಮಿನಡಿ ತಾನು ವಾಸವಿದ್ದ ಮನೆಯ ಅಡಿಸ್ಥಳ ಸಿಕ್ಕಿತು, ಗದ್ದೆ ಸಿಗಲಿಲ್ಲ. ಅದಕ್ಕೂ ಮುಂಚೆ, ಮದ್ರಾಸ್ ಸರ್ಕಾರದ ಕಾಲದಲ್ಲಿ ಶೋಷಿತ ವರ್ಗಗಳಿಗೆಂದು ಕಾದಿರಿಸಿದ್ದ 'ಡಿ.ಸಿ. ಮನ್ನಾ' ಭೂಮಿ ಕಡತದಲ್ಲಿದೆ. ಅದನ್ನು ಅಳೆದು ಹಂಚಿ ಎಂಬ ಬೇಡಿಕೆ ಮಂಗಳೂರಿನ ದಲಿತ ಸಭೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಪಕ್ಕದಲ್ಲೇ ಇನ್ನೊಂದು ಪದವಿದೆ, ಕುಮ್ಕಿ. ವರ್ಗ ಭೂಮಿಯ ಸುತ್ತಲಿನ ಸರ್ಕಾರಿ ಜಾಗದಿಂದ ಸೊಪ್ಪು, ಕಟ್ಟಿಗೆ ತರುವ ಸವಲತ್ತು ಅದು. ಭೂಮಿ ಇದ್ದವನಿಗೇ ಕುಮ್ಕಿಯೂ ಸೇರಿತು, ಹೊಸದಾಗಿ ಒಡೆಯನಾದ ಒಕ್ಕಲಿಗೂ ಸೇರಿತು. ನಿವೇಶನವಿಲ್ಲದವರು ಕುಮ್ಕಿಯಲ್ಲಿ ಮನೆ ಕಟ್ಟಲು ಹೋದಾಗ ಅಡ್ಡ ನಿಂತವರಲ್ಲಿ ನಿನ್ನೆಯ ಒಕ್ಕಲುಗಳ ಮಕ್ಕಳೂ ಇದ್ದರು.

ಬಹುಮತದ ಬಲ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇಲ್ಲೊಂದು ಪಾಠವಿದೆ. ಒಕ್ಕಲುಗಳು ಊರೂರಲ್ಲಿ ಬಹುಸಂಖ್ಯಾತರು, ಅವರಿಗೆ ತೋರಿಸಲು ಚೀಟಿಯಿತ್ತು, ಹೇಳಿಕೊಡಲು ಸಂಘವಿತ್ತು. ಆಳುಗಳಿಗೆ ಮತ ಇತ್ತು, ಉಳಿದೆರಡು ಇರಲಿಲ್ಲ.

ಬೀಡಿ ಮತ್ತು ಗಡಿ

ಭೂಮಿಯನ್ನು ಗಡಿ ದಾಟಿಸಲಾಗದು, ಬಂಡವಾಳವನ್ನು ದಾಟಿಸಬಹುದು. ಮಂಗಳೂರಿನ ಬೀಡಿ ಉದ್ಯಮ ಇದನ್ನು ತೋರಿಸಿಕೊಟ್ಟಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಕೇರಳ ಸರ್ಕಾರ 1968ರಲ್ಲಿ ಜಾರಿಗೊಳಿಸಲು ಹೊರಟಾಗ ಮಂಗಳೂರು ಗಣೇಶ್ ಬೀಡಿ ಕಂಪನಿ ಕಣ್ಣೂರಿನ ಕೆಲಸ ನಿಲ್ಲಿಸಿತು. ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಅವರಿಗಾಗಿ 1969ರ ಫೆಬ್ರವರಿಯಲ್ಲಿ ಹುಟ್ಟಿದ್ದೇ ಕೇರಳ ದಿನೇಶ್ ಬೀಡಿ ಸಹಕಾರ ಸಂಘ. ಕಾಯ್ದೆಯ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ 1974ರಲ್ಲಿ ಕಾಯ್ದೆ ಉಳಿಯಿತು.

ಮಂಗಳೂರು ಕಡೆ ಸಹಕಾರ ಸಂಘ ಬರಲಿಲ್ಲ. ಮನೆಮನೆಯಲ್ಲಿ ಗೆರಸೆ ಮಡಿಲಲ್ಲಿಟ್ಟು ತೆಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತುವ ಹೆಂಗಸರು ಸಾವಿರದ ಲೆಕ್ಕದಲ್ಲಿ ಮಜೂರಿ ಪಡೆದರು. ಬೀಡಿ 'ಬ್ರಾಂಚ್'ನಲ್ಲಿ ಗುತ್ತಿಗೆದಾರ ಕಟ್ಟು ಬಿಡಿಸಿ ನೋಡಿ ಹಾಳೆಂದು ಬದಿಗೆ ಹಾಕಿದ್ದಕ್ಕೆ ಮಜೂರಿಯಿಲ್ಲ. ಭವಿಷ್ಯನಿಧಿ 1977ರಲ್ಲಿ ಈ ಉದ್ಯಮಕ್ಕೂ ವಿಸ್ತರಿಸಿತು, ಆದರೆ ಮನೆಯಲ್ಲಿ ಕೆಲಸ ಮಾಡುವವರು ಕಂಪನಿಯ ಕಾರ್ಮಿಕರೇ ಅಲ್ಲವೇ ಎಂಬ ವ್ಯಾಜ್ಯ ಆಮೇಲೂ ನಡೆಯಿತು. ಪಿ.ಎಫ್. ಇದ್ದ ಹೆಣ್ಣುಮಗಳ ಹಣದಿಂದ ಮನೆಗೆ ಹಂಚು, ಮದುವೆಗೆ ಬಂಗಾರ ಬಂದ ಕುಟುಂಬಗಳು ಜಿಲ್ಲೆಯಲ್ಲಿ ಲೆಕ್ಕವಿಲ್ಲದಷ್ಟು. ಭೂಸುಧಾರಣೆಯ ಹಕ್ಕುಪತ್ರದಲ್ಲಿ ಗಂಡಸಿನ ಹೆಸರಿದ್ದರೆ, ಬೀಡಿಯ ಪಾಸ್‌ಬುಕ್ಕಿನಲ್ಲಿ ಹೆಂಗಸಿನ ಹೆಸರಿತ್ತು. ಸಂಶೋಧಕರು ಈ ಎರಡನೆಯದನ್ನು ಸಾಕಷ್ಟು ನೋಡಿಲ್ಲ ಎಂದೇ ಅನಿಸುತ್ತದೆ.

ಬ್ಯಾಂಕುಗಳು

ಕೆನರಾ ಬ್ಯಾಂಕ್ (1906), ಕಾರ್ಪೊರೇಷನ್ ಬ್ಯಾಂಕ್ (1906), ಕರ್ಣಾಟಕ ಬ್ಯಾಂಕ್ (1924), ಸಿಂಡಿಕೇಟ್ ಬ್ಯಾಂಕ್ (1925), ವಿಜಯಾ ಬ್ಯಾಂಕ್ (1931) ಈ ಐದೂ ಮಂಗಳೂರು, ಉಡುಪಿಗಳಲ್ಲಿ ಹುಟ್ಟಿದವು. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೂಡಿಸುವ ಸಿಂಡಿಕೇಟಿನ ಪಿಗ್ಮಿ ಯೋಜನೆ 1928ರದು. ಸಣ್ಣವರ ಉಳಿತಾಯ ಹೀಗೆ ಸೇರಿತು, ಸಾಲ ಯಾರಿಗೆ ಹೋಯಿತೆಂಬುದು ಬೇರೆ ಮಾತು. ಕೆನರಾ, ಸಿಂಡಿಕೇಟ್ ಎರಡೂ 1969ರ ಜುಲೈ 19ರಂದು, ಕಾರ್ಪೊರೇಷನ್, ವಿಜಯಾ ಎರಡೂ 1980ರ ಏಪ್ರಿಲ್ 15ರಂದು ರಾಷ್ಟ್ರೀಕರಣಗೊಂಡವು. ಹಣಕಾಸು ರಾಜ್ಯ ಸಚಿವರಾದ ಜನಾರ್ದನ ಪೂಜಾರಿ ಸಾಲಮೇಳಗಳನ್ನು ನಡೆಸಿ ಆಸ್ತಿಯಿಲ್ಲದವರಿಗೆ ಬ್ಯಾಂಕಿನ ಸಾಲ ಕೊಡಿಸಿದರು. ಬ್ಯಾಂಕಿನವರು ಇದನ್ನು ವಸೂಲಾಗದ ಸಾಲವೆಂದು ದೂರಿದರು, ಪಡೆದವರು ಪೂಜಾರಿಯವರನ್ನು ನೆನೆದರು. ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು.

ನಗರ: ಬಂದರು, ಬಸ್ಸು, ಆಸ್ಪತ್ರೆ

ಭೂಮಿಯ ವಿಷಯದಲ್ಲಿ ಸರ್ಕಾರ ಕೊಡುವ ಕೈಯಷ್ಟೇ ಅಲ್ಲ, ತೆಗೆದುಕೊಳ್ಳುವ ಕೈ ಕೂಡ. ಪಣಂಬೂರಿನಲ್ಲಿ ನವಮಂಗಳೂರು ಬಂದರಿಗೆ ಜಾಗ ಬಿಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ಸಿಕ್ಕಿತು. ಬಂದರಿನ ಹಿಂದೆ ರಸಗೊಬ್ಬರ ಕಾರ್ಖಾನೆ, ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ಬಂದವು. 2005ರ ವಿಶೇಷ ಆರ್ಥಿಕ ವಲಯ ಕಾಯ್ದೆಯ ನಂತರ ಬಜಪೆ, ಪೆರ್ಮುದೆ, ಕಳವಾರು ಸುತ್ತ ಕುಡುಬಿ ರೈತರನ್ನೂ ಒಳಗೊಂಡು ನಡೆದ ವಿರೋಧ ಜೋರಾಗಿತ್ತು. 2011ರಲ್ಲಿ ರಾಜ್ಯ ಸರ್ಕಾರ ಎರಡನೆಯ ಹಂತಕ್ಕೆ ಗುರುತಿಸಿದ್ದ ಸುಮಾರು 2,000 ಎಕರೆಯನ್ನು ಸ್ವಾಧೀನದಿಂದ ಕೈಬಿಟ್ಟಿತು. ಸಣ್ಣ ಹಿಡುವಳಿದಾರರ ಗುಂಪು ಸರ್ಕಾರದ ಯೋಜನೆಯೊಂದನ್ನು ಹಿಂದೆಗೆಸಿದ ಈ ಉದಾಹರಣೆಯ ಬೇರು 1974ರಲ್ಲಿದೆ. ಸ್ವಂತ ಪಹಣಿ ಇದ್ದವನಷ್ಟೇ ಸ್ವಾಧೀನದ ನೋಟೀಸಿಗೆ ತಕರಾರು ಬರೆಯಬಲ್ಲ.

ನಗರದೊಳಗೆ ಹಳೆಯ ಗೇಣಿ ಇನ್ನೊಂದು ರೂಪದಲ್ಲಿ ಉಳಿಯಿತು. ಭೂಸುಧಾರಣೆ ಕೃಷಿಭೂಮಿಗೆ ಸಂಬಂಧಿಸಿದ್ದು, ಪೇಟೆಯ ಮೂಲಗೇಣಿ ಮನೆಗಳು ಅದರ ಹೊರಗೆ. ತಲೆಮಾರುಗಳಿಂದ ವಾಸವಿದ್ದವರಿಗೆ ಒಡೆತನ ಕೊಡಲು 2011ರ ಮೂಲಗೇಣಿ ಕಾಯ್ದೆ ಬಂತು, ಜಾಗದ ಒಡೆಯರಾದ ಮೂಲಿದಾರರು ಕೋರ್ಟಿನ ಮೆಟ್ಟಿಲೇರಿದರು. ಇಲ್ಲಿ ಗೇಣಿದಾರರು ಬಡವರೇ ಎಂದೇನೂ ಇಲ್ಲ.

ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ ಜಿಲ್ಲೆ 2005ರ ರಾಜ್ಯ ವರದಿಯಂತೆ ಬೆಂಗಳೂರು ನಗರದ ನಂತರ ಎರಡನೆಯ ಸ್ಥಾನದಲ್ಲಿತ್ತು. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ 88.57. ಸರಾಸರಿ ಹೀಗೆ ಏರಿದ್ದು ಬಹುಪಾಲು ಖಾಸಗಿ ಕೈಗಳಿಂದ. ಖಾಸಗಿ ವೈದ್ಯಕೀಯ ಕಾಲೇಜುಗಳು ಒತ್ತೊತ್ತಾಗಿರುವ ಈ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಘೋಷಣೆ, ಪುತ್ತೂರಿಗೆ, ಬಂದದ್ದು 2025ರ ಬಜೆಟ್ಟಿನಲ್ಲಿ. ಬಡವರ ಆಸರೆಯಾದ ವೆನ್‌ಲಾಕ್ ಸರ್ಕಾರಿ ಆಸ್ಪತ್ರೆ ದಶಕಗಳಿಂದ ಒಂದು ಖಾಸಗಿ ಕಾಲೇಜಿನ ಬೋಧನಾ ಆಸ್ಪತ್ರೆಯೂ ಹೌದು. ಹಂಪನಕಟ್ಟೆಯಲ್ಲಿ ಕಿತ್ತಳೆ ಮಾರಿ ಕೂಡಿಸಿದ ಹಣದಿಂದ ತನ್ನೂರಿಗೆ ಶಾಲೆ ತಂದ ಹರೇಕಳ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರನ್ನು ಕೊಂಡಾಡುವಾಗ, ನಗರದ ಮಗ್ಗುಲಲ್ಲೇ ಇದ್ದ ಊರಿಗೆ ಅಷ್ಟು ಕಾಲ ಸರ್ಕಾರದ ಶಾಲೆ ಏಕಿರಲಿಲ್ಲ ಎಂಬ ಪ್ರಶ್ನೆ ಯಾರೂ ಎತ್ತುವುದಿಲ್ಲ.

ಸೇವೆಗಳು ಹೀಗೆ ಖಾಸಗಿ ಕೈಯಲ್ಲಿರುವುದರ ಪರಿಣಾಮ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಕಣ್ಣಿಗೆ ಕಂಡಿತು. ಚುನಾವಣೆಯಲ್ಲಿ ಕೊಟ್ಟ ಮಾತಿನಂತೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು. ಬೆಂಗಳೂರಿನಲ್ಲಿ ಅದು ಮನೆಗೆಲಸದ ಹೆಂಗಸಿನ ತಿಂಗಳ ಖರ್ಚನ್ನೇ ಇಳಿಸಿತು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ನಿಂತು ನೋಡಿ: ನಗರದೊಳಗೆ ಓಡುವ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು. ದಕ್ಕೆಗೆ ಮೀನು ಆಯಲು, ಅಂಗಡಿಗೆ ಸೇಲ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಕಂಡಕ್ಟರನಿಗೆ ಎಂದಿನಂತೆ ದುಡ್ಡು ಕೊಡುತ್ತಾರೆ. ಮತಕ್ಕೆ ಸಿಕ್ಕ ಸವಲತ್ತು ಎಲ್ಲರಿಗೂ ಒಂದೇ, ಆದರೆ ಅದನ್ನು ತಲುಪಿಸುವ ಬಸ್ಸು ಸರ್ಕಾರದ್ದಾಗಿರಬೇಕು.

ಮತಪೆಟ್ಟಿಗೆಯಿಂದ ಮರೆಯಾದ ವಿಷಯ

1991ರಲ್ಲಿ ಬಿಜೆಪಿಯ ವಿ. ಧನಂಜಯ ಕುಮಾರ್ ಜನಾರ್ದನ ಪೂಜಾರಿಯವರನ್ನು ಸೋಲಿಸಿದರು. ಮೊದಲು ಮಂಗಳೂರು, 2009ರಿಂದ ದಕ್ಷಿಣ ಕನ್ನಡ ಎಂಬ ಹೆಸರಿನ ಈ ಕ್ಷೇತ್ರವನ್ನು ಅಂದಿನಿಂದ ಪ್ರತಿ ಲೋಕಸಭಾ ಚುನಾವಣೆಯಲ್ಲೂ ಅದೇ ಪಕ್ಷ ಗೆದ್ದಿದೆ. ಭೂಮಿ ಕೊಟ್ಟ ಪಕ್ಷವನ್ನು ಭೂಮಿ ಪಡೆದವರ ಮಕ್ಕಳು ಕೈಬಿಟ್ಟರು ಎಂದು ಕಾಂಗ್ರೆಸ್ಸಿನ ಹಿರಿಯರು ಕೊರಗುವುದುಂಟು. ಇದರಲ್ಲಿ ಕೃತಘ್ನತೆ ಹುಡುಕಬೇಕಿಲ್ಲ. ಭೂಮಿ ಸಿಕ್ಕಿದ ಮೇಲೆ ಒಕ್ಕಲು ಒಕ್ಕಲಾಗಿ ಉಳಿಯುವುದಿಲ್ಲ, ಅಡಿಕೆ ಧಾರಣೆ ನೋಡುವ ಬೆಳೆಗಾರನಾಗುತ್ತಾನೆ. ಅವನ ಮಗ ಗಲ್ಫಿನಲ್ಲೋ ಮುಂಬಯಿಯ ಹೋಟೆಲಿನಲ್ಲೋ ದುಡಿಯುತ್ತಾನೆ. ಅಂಥ ಮನೆಗೆ ಹಂಚಿಕೆಯ ಮಾತು ಆಸೆಗಿಂತ ಆತಂಕ ತರುವುದೇ ಹೆಚ್ಚು. ತೆರವಾದ ಜಾಗಕ್ಕೆ ಧರ್ಮ, ಸಮುದಾಯಗಳ ಪ್ರಶ್ನೆಗಳು ಬಂದವು, ಎದುರಾಳಿಗಳೂ ಅದೇ ಕಣದಲ್ಲಿ ಆಡಲು ಒಪ್ಪಿಕೊಂಡರು. ಮೆಲ್ಟ್ಸರ್-ರಿಚರ್ಡರ ನಡುವಿನ ಮತದಾರ ಇಲ್ಲಿ ಹಂಚಿಕೆ ಕೇಳದಿರಲು ಕಾರಣ ಅವನಿಗೆ ಒಮ್ಮೆ ಹಂಚಿಕೆ ಆಗಿರುವುದು.

ಸ್ಪರ್ಧಿಸುವವರ ಕಡೆಯಿಂದಲೂ ಬಾಗಿಲು ಕಿರಿದಾಗಿದೆ. ಪ್ರಜಾಸತ್ತಾತ್ಮಕ ಸುಧಾರಣೆಗಳ ಸಂಘ (ಎಡಿಆರ್) ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಪರಿಶೀಲಿಸಿ ತಿಳಿಸಿದಂತೆ 2023ರಲ್ಲಿ ಗೆದ್ದ ಕರ್ನಾಟಕದ ಶಾಸಕರಲ್ಲಿ ಶೇ 97ರಷ್ಟು ಮಂದಿ ಕೋಟ್ಯಧಿಪತಿಗಳು. 1974ರ ಕಾಯ್ದೆ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ 79-ಎ, 79-ಬಿ ಕಲಮುಗಳಲ್ಲಿ ಹಾಕಿದ್ದ ತಡೆಯನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಬಯಲುಸೀಮೆಯ ರೈತ ಸಂಘಗಳು ಬೀದಿಗಿಳಿದಷ್ಟು ಮಂಗಳೂರಿನಲ್ಲಿ ಸದ್ದಾಗಲಿಲ್ಲ.

ಇಂದು ಜಿಲ್ಲೆಯ ಅತಿ ಕೆಳಗಿನ ಕೂಲಿ ಮಾಡುವವರಲ್ಲಿ ಅನೇಕರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲೇ ಇಲ್ಲ. ದಕ್ಕೆಯ ಬೋಟುಗಳಲ್ಲಿ ಆಂಧ್ರ, ಒಡಿಶಾದವರು, ಕಟ್ಟಡದ ಕೆಲಸದಲ್ಲಿ ಉತ್ತರ ಕರ್ನಾಟಕ, ಬಿಹಾರ, ಜಾರ್ಖಂಡ್‌ನವರು. ಅವರ ಮತ ಅವರ ಊರಿನಲ್ಲಿದೆ, ದುಡಿಮೆ ಇಲ್ಲಿದೆ. ನಗರ ಕಾರ್ಪೊರೇಷನ್ನಿನ 60 ವಾರ್ಡುಗಳಲ್ಲಿ ಓಟು ಕೇಳುವವರು ಅವರ ಶೆಡ್ಡುಗಳಿಗೆ ಹೋಗುವ ಅಗತ್ಯ ಬೀಳುವುದಿಲ್ಲ.

ಮತವಿದ್ದೂ ಸಂಖ್ಯೆಯಿಲ್ಲದವರು ಬುಡಕಟ್ಟು ಸಮುದಾಯದವರಾದ ಕೊರಗರು. ಅವರಿಂದ ಅವಮಾನಕರ ಚಾಕರಿ ಮಾಡಿಸುವ ಅಜಲು ಪದ್ಧತಿಯನ್ನು ರಾಜ್ಯ ಸರ್ಕಾರ 2000ದಲ್ಲಿ ಕಾನೂನಿನಿಂದ ನಿಷೇಧಿಸಿತು. ಅದಕ್ಕೂ ಮುಂಚೆ, 1990ರ ದಶಕದ ಮೊದಲರ್ಧದಲ್ಲಿ, ಕೊರಗರ ಕುರಿತ ಮಹಮ್ಮದ್ ಪೀರ್ ವರದಿ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿತ್ತು. ಭೂಮಿಗಾಗಿ 1993ರಲ್ಲಿ ಮಂಗಳೂರಿನಲ್ಲಿ ನಡೆಸಿದ ಮೆರವಣಿಗೆಯ ನೆನಪಿಗೆ ಕೊರಗ ಸಂಘಟನೆಗಳು ಆಗಸ್ಟ್ 18ನ್ನು 'ಭೂಮಿ ಹಬ್ಬ'ವೆಂದು ಆಚರಿಸುತ್ತವೆ. ವರದಿ ಬಂದು ಮೂರು ದಶಕ ದಾಟಿದೆ, ಎಲ್ಲ ಕುಟುಂಬಗಳಿಗೆ ಎರಡೂವರೆ ಎಕರೆ ಇನ್ನೂ ಸಿಕ್ಕಿಲ್ಲ.